ಬುಕ್ಕಾಪಟ್ಟಣದ ಅಡ್ಡಗೆರೆ

"ಇದು ರಂಗಪ್ಪ ಆಡಿರೋ ಆಟ ಅಲ್ಲ ಕಣಪ್ಪ."

ಹೇಳಿದವರು ಚನ್ನಮಲ್ಲಮ್ಮ. ಬಿಳಿ ಸೀರೆಯ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮಂಟಪದ ನೆಲಗಲ್ಲನ್ನೇ ನೋಡುತ್ತಿದ್ದರು. ನಾಲ್ಕು ದಿನದ ಹಿಂದೆ, ಸೋಮವಾರ ಮಧ್ಯಾಹ್ನ, ಅವರ ಅಣ್ಣ ಮರುಳಸಿದ್ದಯ್ಯ ಮೇಷ್ಟ್ರು ತಲೆಯ ಹಿಂದೆ ಕಲ್ಲೇಟು ಬಿದ್ದು ಸತ್ತದ್ದು ಈ ಜಾಗದಲ್ಲೇ.

ಇನ್‌ಸ್ಪೆಕ್ಟರ್ ಜಯರಾಮಯ್ಯ ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು. ಮಿಡಿಗೇಶಿ ಬೆಟ್ಟದ ಮೇಲಿನಿಂದ ಬಿಸಿಗಾಳಿ ಇಳಿಯುತ್ತಿತ್ತು. ಕೋಟೆಯ ಕೆಳಬಾಗಿಲಿಗೆ ಅಂಟಿದ ಹಳೆಯ ಮಂಟಪ ಅದು. ಅದರ ನೆಲದ ಮೇಲೆ ಯಾವ ಕಾಲದವರೋ ಉಳಿಯಿಂದ ಕೆತ್ತಿದ ಮುಮ್ಮೂಲೆಯ ಮಣೆ. ತುದಿಯಿಂದ ಇಳಿಯುವ ಗೆರೆಗಳು, ಅವನ್ನು ಕಡಿಯುವ ಅಡ್ಡಗೆರೆಗಳು. ಗೆರೆ ಗೆರೆ ಸೇರಿದಲ್ಲಿ ಒಂದೊಂದು ಮನೆ. ಹುಲಿ ಕುರಿ ಆಟ.

ಮಣೆಯ ಮೇಲೆ ಮೂರು ಇಟ್ಟಿಗೆ ಚೂರುಗಳು. ಅವು ಹುಲಿಗಳು. ಅವುಗಳ ಸುತ್ತ ಹೊಂಗೆ ಬೀಜಗಳು. ಅವು ಕುರಿಗಳು. ಆಟ ಅರ್ಧಕ್ಕೆ ನಿಂತಿತ್ತು. ಹೆಣ ಎತ್ತಿದ ದಿನದಿಂದ ಜಯರಾಮಯ್ಯ ಅಲ್ಲಿ ಒಬ್ಬ ಕಾನ್‌ಸ್ಟೇಬಲ್‌ನನ್ನು ಕಾವಲಿಗೆ ಹಾಕಿದ್ದರು. ಒಂದು ಬೀಜವೂ ಕದಲಿರಲಿಲ್ಲ.

"ರಂಗಪ್ಪ ಅಲ್ಲ ಅಂತ ಹೇಗೆ ಹೇಳ್ತೀರಮ್ಮ? ದಿನಾ ಮೇಷ್ಟ್ರ ಎದುರು ಕೂತು ಆಡ್ತಿದ್ದವನು ಅವನೇ ಅಂತ ಊರೆಲ್ಲ ಹೇಳುತ್ತೆ. ಅವನ ಕಂಬಳಿ ಮೇಲೆ ಮೇಷ್ಟ್ರ ರಕ್ತ ಇದೆ."

"ರಕ್ತ ಇರ್ದೆ ಇನ್ನೇನಪ್ಪ? ತಲೆ ಎತ್ತಿ ತೊಡೆ ಮೇಲೆ ಇಟ್ಕೊಂಡು ಬಾಯಿಗೆ ನೀರು ಬುಟ್ಟೋನು ಅವನು." ಚನ್ನಮಲ್ಲಮ್ಮ ಮೆಲ್ಲಗೆ ಕೂತರು. "ಅಣ್ಣಯ್ಯ ಬಿದ್ದಿದ್ದು ಮೂಡಲ ಕಡೆ. ಅಂದ್ರೆ ಎದುರಿಗೆ ಕೂತೋರು ಪಡುವಲ ಕಡೆ. ಸತ್ತ ಕುರಿಗಳು ಎಲ್ಲವೆ ನೋಡು."

ಪಡುವಲ ಕಡೆ, ಕಂಬದ ಬುಡದಲ್ಲಿ, ನಾಲ್ಕು ಹೊಂಗೆ ಬೀಜಗಳು ಒತ್ತಾಗಿ ಸಾಲು ಕೂತಿದ್ದವು.

"ಕುರಿ ಹೊಡೆದು ತನ್ನ ಪಕ್ಕಕ್ಕೆ ಇಟ್ಕೊಂಡೋನು ಹುಲಿ ಆಡ್ತಿದ್ದ ಅಂತಾಯ್ತಲ್ಲ? ನಮ್ಮ ರಂಗಪ್ಪ ಹುಲಿ ಮುಟ್ಟಲ್ಲ. ಅವರಪ್ಪನೂ ಮುಟ್ಟಿಲ್ಲ. ಕುರಿ ಕಾಯೋನು ಆಟಕ್ಕಾದ್ರೂ ಹುಲಿ ಹಿಡಿದ್ರೆ ಹಟ್ಟಿಗೆ ಆಗಿಬರಲ್ಲ ಅಂತ. ಹತ್ತು ವರ್ಷದಿಂದ ಅವನು ಕುರಿ, ಅಣ್ಣಯ್ಯ ಹುಲಿ."

ಜಯರಾಮಯ್ಯ ಆ ನಾಲ್ಕು ಬೀಜಗಳನ್ನೇ ನೋಡುತ್ತ ನಿಂತರು. ನಾಳೆ ಬೆಳಗ್ಗೆ ರಂಗಪ್ಪನನ್ನು ಮಧುಗಿರಿಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೊಲೆಯ ಕೇಸು. ಅವನ ಹೆಂಡತಿ ಹನುಮಕ್ಕ ನಾಲ್ಕು ದಿನದಿಂದ ಠಾಣೆಯ ಹೊರಗಿನ ಬೇವಿನ ಮರದ ಕೆಳಗೆ ಬಂದು ಕೂರುತ್ತಿದ್ದಳು. ಅಳುತ್ತಿರಲಿಲ್ಲ, ಯಾರನ್ನೂ ಏನೂ ಕೇಳುತ್ತಿರಲಿಲ್ಲ.

"ಅವನು ಆಡಿಲ್ಲ ಅಂತ ಆಯಿತು. ಕೊಂದಿಲ್ಲ ಅಂತ ಆಗಲಿಲ್ಲವಲ್ಲಮ್ಮ."

"ಗೊತ್ತು. ಅದಕ್ಕೇ ಇನ್ನೊಂದು ತೋರಿಸ್ತೀನಿ, ಬಾ."

ಅವರು ಬೆರಳಿಟ್ಟದ್ದು ಮಣೆಯ ಬುಡದ ಕಡೆಗೆ. ಕೆತ್ತಿದ ಗೆರೆಗಳೆಲ್ಲ ಕಾಲಾಂತರದಲ್ಲಿ ಕಪ್ಪಾಗಿ ನುಣುಪಾಗಿದ್ದವು. ಕೊನೆಯ ಅಡ್ಡಗೆರೆಯ ಕೆಳಗೆ ಇನ್ನೊಂದು ಗೆರೆ ಇತ್ತು. ಅದು ಕೆತ್ತಿದ್ದಲ್ಲ, ಸೀಮೆಸುಣ್ಣದಲ್ಲಿ ಎಳೆದದ್ದು. ಒಂದು ಹುಲಿ ಆ ಬಿಳಿ ಗೆರೆಯ ಎಡತುದಿಯಲ್ಲೇ ಕೂತಿತ್ತು.

ಜಯರಾಮಯ್ಯನವರಿಗೆ ನಾಚಿಕೆಯಾಯಿತು. ನಾಲ್ಕು ದಿನದಲ್ಲಿ ಐದು ಸಲ ಈ ಮಣೆಯನ್ನು ನೋಡಿದ್ದರು. ನಕ್ಷೆ ಬರೆದುಕೊಂಡಿದ್ದರು. ಬಿಳಿ ಗೆರೆಯೂ ನಕ್ಷೆಯಲ್ಲಿತ್ತು. ಅದು ಯಾಕಿದೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

"ಇದು ನಮ್ಮ ಸೀಮೆ ಗೆರೆ ಅಲ್ಲ," ಎಂದರು ಚನ್ನಮಲ್ಲಮ್ಮ. "ಎಳೆದೋನು ಅಣ್ಣಯ್ಯನೇ. ಸೀಮೆಸುಣ್ಣ ಅವನ ಜೇಬಲ್ಲಿ ಯಾವಾಗಲೂ ಇರ್ತಿತ್ತು. ಯಾವೂರಿಗೆ ಹೋದ್ರೂ ಆ ಊರಿನ ಕಟ್ಟಳೇಲೇ ಆಡೋನು. ಅವನ ಎದುರಿಗೆ ಬಂದು ಕೂತೋರಿಗೂ ಅಷ್ಟೆ, ಅವರೂರಿನ ಮಣೆ ಬರ್ಕೊಡೋನು. ಮನೆಗೆ ಬಂದೋರಿಗೆ ಅವರ ಊಟ ಹಾಕ್ಬೇಕು ಅನ್ನೋನು."

"ಹಾಗಾದರೆ ಬಂದವರು ಯಾವ ಊರಿನವರು?"

"ಅವನ ಪುಸ್ತಕದಲ್ಲಿ ಐತೆ. ಮನೆಗೆ ಬಾ."

*

ಮರುಳಸಿದ್ದಯ್ಯ ಮೇಷ್ಟ್ರ ಮನೆಯ ನಡುಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಹನ್ನೊಂದು ವರ್ಷದ ದುಡಿಮೆ. ನೋಟ್ ಬುಕ್ಕುಗಳು, ಬಟ್ಟೆಯ ಮೇಲೆ ಬರೆದ ಪಗಡೆ ಹಾಸು, ಒಂದು ಹಲಸಿನ ಮರದ ಅಳಗುಳಿಮಣೆ, ಚೀಲದ ತುಂಬ ಕವಡೆ.

ಶುದ್ಧಪ್ರತಿ ಮಾತ್ರ ಇರಲಿಲ್ಲ. ಇಡೀ ಗ್ರಂಥವನ್ನು ಒಪ್ಪವಾಗಿ ಬರೆದು ಕೆಂಪು ವಸ್ತ್ರದಲ್ಲಿ ಕಟ್ಟಿ ಮೇಷ್ಟ್ರು ಸೋಮವಾರ ಬೆಳಗ್ಗೆ ಮಂಟಪಕ್ಕೆ ಒಯ್ದಿದ್ದರು. ಆ ಕಟ್ಟನ್ನು ಕೊಂದವನೇ ಹೊತ್ತೊಯ್ದಿದ್ದಾನೆ ಎಂದು ಚನ್ನಮಲ್ಲಮ್ಮ ಮೊದಲ ದಿನವೇ ಹೇಳಿಕೆ ಕೊಟ್ಟಿದ್ದರು. ತಾನು ಅವತ್ತು ಜ್ವರ ಬಂದು ಮನೆಯಲ್ಲೇ ಮಲಗಿದ್ದೆ ಎಂದೂ ಹೇಳಿದ್ದರು.

ಜಯರಾಮಯ್ಯ ಚಾಪೆಯ ಮೇಲೆ ಕೂತು ನೋಟ್ ಬುಕ್ಕು ತಿರುವಿದರು. ಊರೂರಿಗೆ ಬೇರೆ ಬೇರೆ ಪುಟ.

'ಕೊರಟಗೆರೆ. ಕುಂಬಾರರ ಕೊಲ್ಲಾಪುರಮ್ಮ. ಅಳಗುಳಿಮಣೆ. ಎರಡು ಸಾಲು, ಸಾಲಿಗೆ ಏಳು ಗುಣಿ. ಬಾಣಂತನಕ್ಕೆ ತವರಿಗೆ ಬಂದವಳಿದ್ದರೆ ಮೊದಲ ಕೈ ಅವಳದು.'

'ಶಿರಾ. ಅತ್ತರು ಮಾರುವ ಮುದುಕರು. ಪಚ್ಚೀಸಿ. ನಮ್ಮ ಪಗಡೆಗೆ ಅಣ್ಣನೋ ತಮ್ಮನೋ ತಿಳಿಯದು. ದಾಳದ ಬದಲು ಕವಡೆ.'

'ಪಾವಗಡ. ಹುಲಿ ಕುರಿಗೆ ಇಲ್ಲಿ ಪುಲಿಜೂದಂ ಎನ್ನುತ್ತಾರೆ. ಮಾತು ತೆಲುಗು, ಗೆರೆ ನಮ್ಮದೇ.'

ಒಂದು ಪುಟದ ಅಂಚಿನಲ್ಲಿ ಮೇಷ್ಟ್ರು ತಮಗೆ ತಾವೇ ಬರೆದುಕೊಂಡಿದ್ದರು: 'ಚದುರಂಗದಲ್ಲಿ ಎರಡು ಕಡೆಗೂ ಸಮ ಸೈನ್ಯ. ಅದು ಅರಮನೆಯ ಆಟ. ಹುಲಿ ಕುರಿಯಲ್ಲಿ ಸಮವೆಂಬುದಿಲ್ಲ. ಕುರಿ ಒಂದೊಂದಾಗಿ ಸಾಯುತ್ತದೆ, ಎಲ್ಲ ಸೇರಿ ನಿಂತರೆ ಹುಲಿಯನ್ನು ಕಟ್ಟುತ್ತದೆ. ಈ ಗೆರೆಗಳನ್ನು ಕೋಟೆಯ ಬಾಗಿಲಲ್ಲಿ ಕೆತ್ತಿದವರು ಕೋಟೆಯನ್ನು ಆಳಿದವರಿರಲಾರರು. ಕಾವಲು ಕಾದವರೇ ಇರಬೇಕು.'

ಜಯರಾಮಯ್ಯ ಅದನ್ನು ಎರಡು ಸಲ ಓದಿದರು. ಬದುಕಿದ್ದಾಗ ಈ ಮನುಷ್ಯನನ್ನು ಒಂದು ಸಲವೂ ಮಾತಾಡಿಸಲಿಲ್ಲವಲ್ಲ ಎನ್ನಿಸಿತು.

"ಆಟಗಳನ್ನ ಅವರಿಗೆ ಮೊದಲು ಕಲಿಸಿದ್ದು ಯಾರಮ್ಮ?"

ಚನ್ನಮಲ್ಲಮ್ಮ ಒಲೆಯ ಕಡೆ ತಿರುಗಿ ಕೂತಿದ್ದರು. "ಹನ್ನೆರಡನೇ ವಯಸ್ಸಿಗೆ ಗಂಡ ಹೋಗಿ ಈ ಮನೆಗೆ ವಾಪಸ್ಸು ಬಂದೆ. ನನ್ನ ಕೈಗೆ ಅಳಗುಳಿಮಣೆ ಕೊಟ್ಟು ಕೂರಿಸಿದ್ರು. ನಾನು ಆಡ್ತಿದ್ದೆ, ಅಣ್ಣಯ್ಯ ನೋಡ್ತಿದ್ದ." ಆಮೇಲೆ, ಅದು ದೊಡ್ಡ ಮಾತೇ ಅಲ್ಲವೆಂಬಂತೆ, "ಬುಕ್ಕಾಪಟ್ಟಣದ ಪುಟ ತೆಗಿ," ಎಂದರು.

ಆ ಪುಟ ನಾಲ್ಕನೆಯ ಪುಸ್ತಕದಲ್ಲಿ ಸಿಕ್ಕಿತು.

'ಬುಕ್ಕಾಪಟ್ಟಣ. ಹುಲಿ ಕುರಿ. ಬುಡದಲ್ಲಿ ಅಡ್ಡಗೆರೆ ಒಂದು ಹೆಚ್ಚು. ಬೇರೆ ಯಾವ ಊರಿನಲ್ಲೂ ನಾನು ಇದನ್ನು ಕಂಡಿಲ್ಲ. ಹೇಳಿದವರು ಇಬ್ಬರು. ಗೌಡರ ಮನೆಯ ಅಜ್ಜಿ, ಎಂಬತ್ತೈದು ವಯಸ್ಸು, ಹಾಸಿಗೆ ಹಿಡಿದಿದ್ದಾರೆ. ಇನ್ನೊಬ್ಬರು ಶಿರಾದ ವಕೀಲ ವೃಷಭೇಂದ್ರಪ್ಪನವರು. ಅವರ ತಾಯಿಯ ತವರು ಇದೇ ಊರು.'

ಜಯರಾಮಯ್ಯ ಜೇಬಿನಿಂದ ಒಂದು ಲಕೋಟೆ ತೆಗೆದರು. ಮೇಷ್ಟ್ರ ಸಾವಿಗೆ ಸಂತಾಪ ಸೂಚಿಸಿ ಚನ್ನಮಲ್ಲಮ್ಮನಿಗೆ ಬಂದು, ಆಕೆಯೇ ಅವರ ಕೈಗೆ ಕೊಟ್ಟಿದ್ದ ಕಾಗದ. ಚೆಂದದ ಅಕ್ಷರ. 'ಶಿವರಾತ್ರಿಯಿಂದ ಈಚೆಗೆ ಅವರ ದರ್ಶನವೇ ಆಗಲಿಲ್ಲ ಎಂಬುದು ನನ್ನ ದೊಡ್ಡ ಕೊರಗು.' ಕೆಳಗೆ ವೃಷಭೇಂದ್ರಪ್ಪನವರ ಸಹಿ.

"ಮಧುಗಿರಿಗೆ ಬಸ್ಸು ಎಷ್ಟೊತ್ತಿಗೆ?"

"ಈಗ ಬರ್ತದೆ. ಓಡು," ಎಂದರು ಚನ್ನಮಲ್ಲಮ್ಮ.

*

ಶಿರಾದಲ್ಲಿ ವಕೀಲರ ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಅಂಗಳದಲ್ಲಿ ಕಪ್ಪು ಮೋಟಾರು ಕಾರು. ಡ್ರೈವರ್ ದಸ್ತಗೀರ್ ಅದರ ಗಾಜು ಒರೆಸುತ್ತಿದ್ದ. ಖಾಕಿ ಕಂಡವನೇ ಒರೆಸುವುದನ್ನು ಬಿಟ್ಟು ಸಲಾಂ ಮಾಡಿದ.

ವೃಷಭೇಂದ್ರಪ್ಪನವರು ಹಣೆಯ ಮೇಲೆ ವಿಭೂತಿ, ಮೈಮೇಲೆ ಅಚ್ಚ ಬಿಳಿ ಜುಬ್ಬ ಧರಿಸಿ ಆಫೀಸು ಕೋಣೆಯಲ್ಲಿದ್ದರು. ಐವತ್ತು ದಾಟಿದ, ಎತ್ತರದ ಮನುಷ್ಯ. ಮೇಜಿನ ಮೂಲೆಯಲ್ಲಿ ದಂತದ ಚದುರಂಗ.

"ಬನ್ನಿ ಇನ್‌ಸ್ಪೆಕ್ಟರೇ. ಆ ಕುರುಬ ಒಪ್ಪಿಕೊಂಡನೇ?"

"ಇಲ್ಲ. ಮೇಷ್ಟ್ರು ಕೊನೆಗೆ ಆಡುತ್ತಿದ್ದ ಆಟ ನನಗೆ ಅರ್ಥವಾಗುತ್ತಿಲ್ಲ. ಮಣೆಯಾಟ ಬಲ್ಲವರು ಈ ಸೀಮೆಯಲ್ಲಿ ನೀವೇ ಅಂತ ಬಂದೆ."

ವಕೀಲರ ಮುಖ ಸಡಿಲಾಯಿತು. "ಬಲ್ಲವನು ಅಂದರೆ ಚದುರಂಗ ಬಲ್ಲೆ. ನಮ್ಮ ಸಂಸ್ಥಾನದಲ್ಲಿ ಚದುರಂಗಕ್ಕೆ ಇದ್ದ ಮರ್ಯಾದೆ ಬೇರೆ ಯಾವುದಕ್ಕೂ ಇರಲಿಲ್ಲ. ಹುಲಿ ಕುರಿ, ಚೌಕಾಬಾರ ಇವೆಲ್ಲ ಜನ ಹೊತ್ತು ಕಳೆಯೋದಕ್ಕೆ ಆಡುತ್ತಿದ್ದಂಥವು."

"ಹಾಗಿದ್ದರೂ ಮೇಷ್ಟ್ರ ಪುಸ್ತಕ ಅಚ್ಚು ಹಾಕಿಸ್ತೀನಿ ಅಂತ ಮಾತು ಕೊಟ್ಟಿದ್ದಿರಂತೆ."

"ವಿದ್ಯೆ ಅಲ್ಲವೇ. ಎಲ್ಲಿದ್ದರೂ ಗೌರವಿಸಬೇಕು."

ಜಯರಾಮಯ್ಯ ಒಂದು ದೊಡ್ಡ ಹಾಳೆ ಬೇಡಿ ತೆಗೆದುಕೊಂಡರು. ಪೆನ್ಸಿಲ್ ಹಿಡಿದು ಸಾವಕಾಶವಾಗಿ ಮಂಟಪದ ಮಣೆಯನ್ನು ಬರೆದರು. ಬಿಳಿ ಗೆರೆಯನ್ನೂ ಎಳೆದರು. ಅಪ್ಪಣೆ ಕೇಳಿ, ದಂತದ ಕಾಲಾಳುಗಳನ್ನು ಕುರಿ ಮಾಡಿ ಒಂದೊಂದಾಗಿ ಮನೆಗಳ ಮೇಲಿಟ್ಟರು. ಮೂರು ಕುದುರೆಗಳನ್ನು ಹುಲಿ ಮಾಡಿದರು. ನಡುನಡುವೆ ತಮ್ಮ ಪಾಕೆಟ್ ಪುಸ್ತಕದ ನಕ್ಷೆ ನೋಡಿಕೊಳ್ಳುತ್ತಿದ್ದರು.

ವಕೀಲರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಹೀಗಿತ್ತು ನೋಡಿ ಆಟ. ಈಗ ನಡೆ ಹುಲಿಯದು ಅಂತ ಕಾಣುತ್ತೆ. ಈ ಹುಲಿ ಉಳಿಯುತ್ತೋ, ಕಟ್ಟಿಹಾಕಿಸಿಕೊಳ್ಳುತ್ತೋ?"

ವೃಷಭೇಂದ್ರಪ್ಪನವರು ಮುಂದಕ್ಕೆ ಬಾಗಿದರು. ಕಣ್ಣು ಹಾಳೆಯ ಮೇಲೆ ಒಂದು ಸುತ್ತು ಹಾಕಿತು. ಹುಬ್ಬು ಗಂಟಿಕ್ಕಿತು. ಎಲ್ಲೋ ಏನೋ ಸರಿಯಿಲ್ಲ ಎಂದು ಮುಖ ಹೇಳುತ್ತಿತ್ತು. ಕೈ ತಾನಾಗಿಯೇ ಚಾಚಿತು. ತುದಿಯ ಮನೆಯಲ್ಲಿದ್ದ ಕುದುರೆಯನ್ನು ಎರಡು ಬೆರಳಲ್ಲಿ ಎತ್ತಿ, ಬುಡದ ಆ ಹೆಚ್ಚಿನ ಅಡ್ಡಗೆರೆಯ ಎಡತುದಿಯಲ್ಲಿ ಇಟ್ಟಿತು.

"ಹ್ಞೂಂ, ಈಗ—" ಎಂದರು ವಕೀಲರು.

ಬೆರಳು ಕುದುರೆಯ ಮೇಲೆಯೇ ನಿಂತಿತು.

"ಆ ಹುಲಿಯನ್ನ ನಾನು ಬೇಕೆಂದೇ ತಪ್ಪು ಮನೆಯಲ್ಲಿ ಇಟ್ಟಿದ್ದೆ," ಎಂದರು ಜಯರಾಮಯ್ಯ. ದನಿ ಏರಿಸಲಿಲ್ಲ. "ಅದು ಇರಬೇಕಾದ್ದು ನೀವು ಈಗ ಇಟ್ಟ ಕಡೆಯೇ. ಮಂಟಪದ ಸುತ್ತ ಹಗ್ಗ ಕಟ್ಟಿಸಿದ್ದೇನೆ. ಊರಿನವರು ಯಾರೂ ಹತ್ತಿರ ಹೋಗಿಲ್ಲ. ಅದು ಅಲ್ಲಿತ್ತು ಅಂತ ನಿಮಗೆ ಹೇಗೆ ಗೊತ್ತಾಯಿತು ವಕೀಲರೇ?"

ವೃಷಭೇಂದ್ರಪ್ಪನವರು ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡರು.

"ಕೊಂದವನು ನಾನಲ್ಲ."

"ಶಿವರಾತ್ರಿಯಿಂದ ಈಚೆಗೆ ನೋಡೇ ಇಲ್ಲ ಅಂತ ಬರೆದಿದ್ದೀರಿ."

"ಅದು ಸುಳ್ಳು." ವಕೀಲರು ಕುರ್ಚಿಗೆ ಒರಗಿದರು. ಮೇಜಿನ ಸೆಳೆಖಾನೆ ಎಳೆದು ಒಂದು ಕಟ್ಟು ಹಾಳೆ ತೆಗೆದು ಮುಂದೆ ನೂಕಿದರು. "ಕಡೆಗೆ ನೀವು ಇದನ್ನೂ ಹುಡುಕಿಯೇ ಹುಡುಕುತ್ತೀರಿ."

ಬೆಂಗಳೂರಿನ ಪ್ರೆಸ್ಸಿನಿಂದ ಬಂದ ಅಚ್ಚಿನ ಕರಡು. ಮೊದಲ ಹಾಳೆಯ ಮೇಲೆ ದಪ್ಪಕ್ಷರದಲ್ಲಿ 'ಮೈಸೂರು ಸೀಮೆಯ ಮಣೆಯಾಟಗಳು'. ಅದರ ಕೆಳಗೆ ಮರುಳಸಿದ್ದಯ್ಯನವರ ಹೆಸರಿರಲಿಲ್ಲ. ವೃಷಭೇಂದ್ರಪ್ಪ, ಬಿ.ಎ., ಬಿ.ಎಲ್. ಎಂದಿತ್ತು.

ಜಯರಾಮಯ್ಯ ಹಾಳೆ ತಿರುವಿದರು. ಬೆಳಗ್ಗೆ ಚಾಪೆಯ ಮೇಲೆ ಕೂತು ಓದಿದ ಮಾತುಗಳೇ. ಕೊರಟಗೆರೆಯ ಏಳು ಗುಣಿ ಇತ್ತು. ಕೊಲ್ಲಾಪುರಮ್ಮ ಇರಲಿಲ್ಲ. ಪಚ್ಚೀಸಿ ಇತ್ತು. ಅತ್ತರಿನ ಮುದುಕರಿರಲಿಲ್ಲ.

"ಅರ್ಧ ಗ್ರಂಥವನ್ನ ಅವರು ತಿದ್ದಲು ಕೊಟ್ಟಿದ್ದರು," ಎಂದರು ವಕೀಲರು. "ಮಿಡಿಗೇಶಿಯ ಮೇಷ್ಟ್ರು ಬರೆದದ್ದು ಅಂದರೆ ಯಾರು ಕೊಳ್ಳುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆಸರಿನ ಆಸೆ ಇನ್‌ಸ್ಪೆಕ್ಟರೇ. ಮೂವತ್ತು ವರ್ಷ ಬೇರೆಯವರ ವ್ಯಾಜ್ಯ ವಾದಿಸಿದ್ದೇನೆ. ನನ್ನದು ಅಂತ ಒಂದು ಪುಸ್ತಕ ಇರಲಿ ಅನ್ನಿಸಿತು. ಸುದ್ದಿ ಅವರ ಕಿವಿಗೂ ಬಿತ್ತು. ಬಂದು ಮಾತಾಡಿ ಅಂತ ಕಾಗದ ಬರೆದರು. ಸೋಮವಾರ ಹೋದೆ."

"ಜಗಳವಾಯಿತೇ?"

"ಆಗಿದ್ದರೆ ಚೆನ್ನಾಗಿತ್ತು." ವಕೀಲರು ಹಾಳೆಯ ಮೇಲಿನ ಆ ಕುದುರೆಯನ್ನೇ ನೋಡಿದರು. "ಕೂತ್ಕೊಳ್ಳಿ, ಮೊದಲು ಒಂದಾಟ ಆಡೋಣ ಅಂದರು. ಜೇಬಿನಿಂದ ಸೀಮೆಸುಣ್ಣ ತೆಗೆದು ನಮ್ಮ ತಾಯಿಯ ಊರಿನ ಗೆರೆ ಎಳೆದರು. ನನಗೆ ಹುಲಿ ಕೊಟ್ಟರು. ಆಡುತ್ತಾ ಆಡುತ್ತಾ ಹೇಳಿದರು, 'ಪುಸ್ತಕದ ಮೇಲೆ ನಿಮ್ಮ ಹೆಸರೇ ಇರಲಿ ವಕೀಲರೇ, ನನಗೆ ಚಿಂತೆಯಿಲ್ಲ. ಆದರೆ ಆಟ ಹೇಳಿಕೊಟ್ಟವರ ಹೆಸರು ತೆಗೀಬೇಡಿ. ಅವರ ಹೆಸರು ಬೇರೆ ಎಲ್ಲೂ ಯಾರೂ ಬರೆಯಲ್ಲ.' ಇನ್ನೂರ ಹದಿನಾಲ್ಕು ಹೆಸರಿನ ಪಟ್ಟಿ ಓದಿ ತೋರಿಸಿದರು. ಕುರುಬರು, ಕುಂಬಾರರು, ವಿಧವೆಯರು, ಫಕೀರರು. ನಾನು ತಲೆ ತಗ್ಗಿಸಿ ಕೂತಿದ್ದೆ."

"ಆಮೇಲೆ?"

"ಪಟ್ಟಿಯಲ್ಲಿ ಅವರ ತಂಗಿಯ ಹೆಸರಿರಲಿಲ್ಲ. ಅವರಿಗೆ ಎಲ್ಲ ಕಲಿಸಿದ್ದೇ ಆಕೆ ಅಂತ ನನಗೆ ಗೊತ್ತಿತ್ತು. ಯಾಕೆ ಬಿಟ್ಟಿರಿ ಅಂತ ಕೇಳಿದೆ. 'ಅದೊಂದು ಹೆಸರು ಅಚ್ಚಾಗೋ ಹಾಗಿಲ್ಲ. ಅವಳೇ ಬೇಡ ಅಂತ ಆಣೆ ಹಾಕಿಸಿದ್ದಾಳೆ. ಓದಿದವರು ಹುಡುಕಿಕೊಂಡು ಬಂದುಬಿಟ್ಟರೆ ಅಂತ ಭಯ ಅವಳಿಗೆ' ಅಂದರು. ಯಾರು ಬರುತ್ತಾರೆ ಅಂತ ಹೇಳಲಿಲ್ಲ. ಅಷ್ಟರಲ್ಲಿ ಆಕೆಯೇ ಬಂದರು."

ಜಯರಾಮಯ್ಯ ಬರೆಯುತ್ತಿದ್ದ ಪೆನ್ಸಿಲ್ ನಿಂತಿತು.

"ಯಾರು ಬಂದರು?"

"ಅವರ ತಂಗಿ, ಚನ್ನಮಲ್ಲಮ್ಮನವರು. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಮೇಷ್ಟ್ರು ಆಟದ ಮಧ್ಯದಲ್ಲೇ ಎದ್ದುಬಿಟ್ಟರು. ನನ್ನ ಕಡೆ ತಿರುಗಿ, ಇನ್ನೊಂದು ದಿನ ಮುಗಿಸೋಣ, ನೀವು ಹೊರಡಿ ಅಂದರು. ಕೆಂಪು ವಸ್ತ್ರದ ಕಟ್ಟನ್ನ ತಂಗಿಯ ಕೈಗೆ ಕೊಟ್ಟರು. ಅದನ್ನು ನಾನು ಕಣ್ಣಾರೆ ನೋಡಿದೆ. ಮರುದಿನ ಕೊಲೆಯ ಸುದ್ದಿ ಬಂತು. ಹೆದರಿ ಆ ಕಾಗದ ಬರೆದೆ."

"ಆಕೆ ಅವತ್ತು ಜ್ವರ ಬಂದು ಮನೆಯಲ್ಲಿ ಮಲಗಿದ್ದರು."

"ಹಾಗೆ ಹೇಳಿದ್ದು ಯಾರು? ಆಕೆಯೇ ತಾನೆ?" ವಕೀಲರು ಬಾಗಿಲ ಕಡೆ ತಿರುಗಿ ಕೂಗಿದರು. "ದಸ್ತಗೀರ್! ಇಲ್ಲಿ ಬಾ."

ದಸ್ತಗೀರ್ ಹೊಸ್ತಿಲಲ್ಲೇ ನಿಂತ.

ಜಯರಾಮಯ್ಯ ಕೇಳಿದರು, "ಸೋಮವಾರ ಗಾಡಿ ಎಲ್ಲಿ ನಿಲ್ಲಿಸಿದ್ದೆ?"

"ಮಿಡಿಗೇಶೀಲಿ, ಕೋಟೆ ರಸ್ತೆ ಹುಣಸೆಮರದ ಹತ್ರ, ಹುಜೂರ್. ಯಜಮಾನ್ರು ಮೇಲೆ ಹೋಗಿದ್ರು."

"ಬೇರೆ ಯಾರಾದರೂ ಮೇಲೆ ಹೋದದ್ದು ಕಂಡೆಯಾ?"

"ಒಬ್ರು ಅಮ್ಮ ಹೋದ್ರು, ಬಿಳಿ ಸೀರೆ. ಭಾಳ ಜಲ್ದಿ ಜಲ್ದಿ ಹೋಗ್ತಾ ಇದ್ರು. ಇಂಜಿನ್‌ಗೆ ಪಾನಿ ಎಲ್ಲಿ ಸಿಗುತ್ತೆ ಅಂತ ಕೇಳ್ದೆ. ನಿಲ್ಲದೇನೆ ಕೈ ತೋರ್ಸಿ ಹೋದ್ರು. ಆಮೇಲೆ ಯಜಮಾನ್ರು ಇಳಿದು ಬಂದ್ರು, ಗಾಡಿ ಸ್ಟಾರ್ಟ್ ಮಾಡ್ದೆ. ಖುದಾ ಕಸಂ, ಇಷ್ಟೇ."

ಸುಳ್ಳು ಹೇಳುವವನ ಕಣ್ಣು ಎಲ್ಲಿ ಹೋಗುತ್ತದೆಂದು ಜಯರಾಮಯ್ಯನವರಿಗೆ ಇಪ್ಪತ್ತೆರಡು ವರ್ಷದ ನೌಕರಿ ಕಲಿಸಿತ್ತು. ದಸ್ತಗೀರನ ಕಣ್ಣು ಎಲ್ಲೂ ಹೋಗಲಿಲ್ಲ.

ಅವರು ಎದ್ದರು. "ವಕೀಲರೇ, ನೀವು ಶಿರಾ ಬಿಟ್ಟು ಹೋಗಬಾರದು. ಈ ಕರಡು ನನ್ನ ಹತ್ತಿರ ಇರಲಿ. ನಿಮ್ಮ ಕಾರು ಬೇಕು, ಈಗಲೇ."

*

ದಾರಿಯುದ್ದಕ್ಕೂ ಜಯರಾಮಯ್ಯನವರನ್ನು ಒಂದೇ ಪ್ರಶ್ನೆ ಕಾಡಿತು. ಚನ್ನಮಲ್ಲಮ್ಮ ಮಂಟಪಕ್ಕೆ ಬಂದದ್ದನ್ನು ವಕೀಲರು ನೋಡಿದ್ದಾರೆ. ಅದು ಆಕೆಗೂ ಗೊತ್ತು. ಆದರೂ ಬಿಳಿ ಗೆರೆ ತೋರಿಸಿದ್ದು ಆಕೆಯೇ. ಬುಕ್ಕಾಪಟ್ಟಣದ ಪುಟ ತೆಗೆಯೆಂದದ್ದೂ ಆಕೆಯೇ. ಬಸ್ಸಿಗೆ ಓಡು ಎಂದದ್ದೂ ಆಕೆಯೇ. ತನ್ನ ಮೇಲೆ ಸಂಶಯ ಬೀಳುತ್ತದೆಂದು ತಿಳಿದೂ ಯಾಕೆ?

ಮಧುಗಿರಿ ದಾಟುವಾಗ ಉತ್ತರ ಹೊಳೆಯಿತು. ಮಿಡಿಗೇಶಿಯಿಂದ ಶಿರಾಕ್ಕೆ ಹೋಗಿ ಬರಲು ಒಂದು ಹಗಲು ಬೇಕು. ಆಕೆಗೆ ಆ ಒಂದು ಹಗಲು ಬೇಕಾಗಿತ್ತು.

"ಇನ್ನೂ ಜೋರಾಗಿ ಬಿಡಯ್ಯ," ಎಂದರು ದಸ್ತಗೀರನಿಗೆ.

ಕಾರು ಮಿಡಿಗೇಶಿ ಸೇರಿದಾಗ ಬೆಟ್ಟದ ನೆರಳು ಊರಿನ ಅರ್ಧಕ್ಕೆ ಬಂದಿತ್ತು. ಮೇಷ್ಟ್ರ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ. ಜಗಲಿಯ ಮೇಲೆ ರಂಗಪ್ಪನ ಹೆಂಡತಿ ಹನುಮಕ್ಕ ಕೂತಿದ್ದಳು. ಇನ್‌ಸ್ಪೆಕ್ಟರನ್ನು ಕಂಡು ಎದ್ದು ನಿಂತಳು.

"ಅಮ್ಮೋರು ಎಲ್ಲಿ?"

"ಹೋದ್ರು ಸ್ವಾಮಿ. ಮಧ್ಯಾನದ ಪಾವಗಡ ಬಸ್ಸಿಗೆ."

"ಕೈಯಲ್ಲಿ ಏನಿತ್ತು?"

"ಕೆಂಪು ಗಂಟು."

ಜಯರಾಮಯ್ಯ ಜಗಲಿಯ ಕಂಬಕ್ಕೆ ಕೈಕೊಟ್ಟು ನಿಂತರು. ಹನುಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಡಿಸುತ್ತಾ ಇದ್ದಳು.

"ನಿಮಗೆ ಒಂದು ಮಾತು ಹೇಳು ಅಂತ ಹೇಳವ್ರೆ ಸ್ವಾಮಿ. ಮೂರು ಸಲ ನನ್ನ ಬಾಯಲ್ಲೇ ಹೇಳಿಸಿ ಕಲಿಸವ್ರೆ. 'ಅಣ್ಣಯ್ಯನ ಉಸಿರು ಹೋಗೋವಾಗ ನಾನು ಅಲ್ಲೇ ಇದ್ದೆ. ಕೈ ಮಾಡಿದ್ದು ವಕೀಲರಲ್ಲ, ರಂಗಪ್ಪ ಅಲ್ಲ, ನಾನೂ ಅಲ್ಲ. ಯಾರು ಅಂತ ನನಗೆ ಗೊತ್ತು. ಆ ಹೆಸರು ನನ್ನ ಬಾಯಲ್ಲಿ ಬರಲ್ಲ.' ಅಷ್ಟೆ."

"ಇದನ್ನ ನೀನು ಮ್ಯಾಜಿಸ್ಟ್ರೇಟರ ಮುಂದೆ ಹೇಳ್ತೀಯಾ?"

"ನನ್ನ ಗಂಡನ್ನ ಬುಡ್ತೀನಿ ಅಂದ್ರೆ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಗಂಡನನ್ನು ಬಿಡಿಸಲು ಹೆಂಡತಿ ಹೇಳುವ ಮಾತು. ಹೇಳಿ ಕಳುಹಿಸಿದವಳು ಊರಲ್ಲಿಲ್ಲ. ನ್ಯಾಯಾಲಯದಲ್ಲಿ ಅದಕ್ಕೆ ತೂಕವಿಲ್ಲವೆಂದು ಜಯರಾಮಯ್ಯನವರಿಗೆ ಗೊತ್ತಿತ್ತು. ಅದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಅವರು ಜಗಲಿಯ ತುದಿಯಲ್ಲಿ ಕೂತರು.

"ಹನುಮಕ್ಕ, ನಿನ್ನ ಗಂಡ ನಿರಪರಾಧಿ ಅಂತ ನನಗೆ ಈಗ ನಂಬಿಕೆಯಿದೆ. ಆದರೆ ನನ್ನ ನಂಬಿಕೆಯಿಂದ ಅವನು ಹೊರಗೆ ಬರೋದಿಲ್ಲ. ಅಮ್ಮೋರು ಒಬ್ಬರೇ ಹೋದರಾ?"

ಅವಳು ಬೀದಿಯ ಕಡೆ ಮುಖ ತಿರುಗಿಸಿದಳು.

"ಒಬ್ಬರೇ ಹೋದರಾ ಅಂತ ಕೇಳಿದೆ."

"ನನ್ನ ಎರಡು ಹೆರಿಗೆ ಮಾಡ್ಸಿದ್ದು ಅವರೇ ಸ್ವಾಮಿ," ಎಂದಳು ಹನುಮಕ್ಕ. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವಳ ಕಣ್ಣಲ್ಲಿ ನೀರು ಬಂತು. "ಇದೊಂದು ಹೇಳ್ಬೇಡ ಅಂತ ನನ್ನ ತಲೆ ಮುಟ್ಟಿ ಆಣೆ ಹಾಕಿಸ್ಕೊಂಡವ್ರೆ."

ಜಯರಾಮಯ್ಯ ಮತ್ತೆ ಒತ್ತಾಯ ಮಾಡಲಿಲ್ಲ. ಬೀದಿಯಲ್ಲಿ ಒಂದು ಕುರಿ ಮಂದೆ ಧೂಳೆಬ್ಬಿಸಿಕೊಂಡು ಹೋಯಿತು. ಅದರ ಹಿಂದೆ ಬೇರೆ ಯಾರೋ ಕೋಲು ಹಿಡಿದು ನಡೆಯುತ್ತಿದ್ದರು. ಹನುಮಕ್ಕ ಆ ಮಂದೆಯನ್ನು ಕಣ್ಣು ಮರೆಯಾಗುವವರೆಗೆ ನೋಡಿದಳು. ಅವು ಅವಳ ಕುರಿಗಳೇ.

"ಒಬ್ರೇ ಅಲ್ಲ," ಎಂದಳು ಕಡೆಗೆ. "ಹಿತ್ತಲ ಕಣಜದಲ್ಲಿ ಒಬ್ಬ ಗಂಡಸು ಅವಿತ್ಕೊಂಡಿದ್ದ ಸ್ವಾಮಿ. ಸೋಮವಾರದಿಂದ ಅಲ್ಲೇ ಇದ್ನಂತೆ. ಮೂವತ್ತು ಮೂವತ್ತೆರಡು ವಯಸ್ಸಿರಬೈದು. ಬಲಗೈಗೆ ಬಟ್ಟೆ ಸುತ್ಕೊಂಡಿದ್ದ. ಮಾತು ತೆಲುಗು, ಪಾವಗಡದ ಕಡೆಯೋನು. ಬಸ್ಸು ಹತ್ತೋವಾಗ ಅಮ್ಮೋರ ಕಾಲಿಗೆ ಬಿದ್ದು ಅತ್ತ. 'ಅಮ್ಮಾ, ಅಮ್ಮಾ' ಅಂತಿದ್ದ."

"ಊರಲ್ಲಿ ಎಲ್ಲರೂ ಅವರನ್ನ ಅಮ್ಮಾ ಅಂತಲೇ ಕರೆಯೋದು," ಎಂದರು ಜಯರಾಮಯ್ಯ. ಓದಿದವರು ಹುಡುಕಿಕೊಂಡು ಬಂದುಬಿಟ್ಟರೆ ಎಂಬ ಭಯ ತಂಗಿಗೆ ಎಂದು ಮೇಷ್ಟ್ರು ಹೇಳಿದ್ದ ಮಾತು ಆಗಲೇ ನೆನಪಾಯಿತು.

ಹನುಮಕ್ಕ ತಲೆಯಾಡಿಸಿದಳು. ದನಿ ತೀರ ಇಳಿದಿತ್ತು.

"ಹಂಗಲ್ಲ ಸ್ವಾಮಿ. ನಾನೂ ಮಕ್ಕಳನ್ನ ಹೆತ್ತೋಳು. ಅವನು ಕರೆದಿದ್ದು ಹೆತ್ತೋಳನ್ನ ಕರೆಯೋ ಹಂಗೆ. ಮುಖ ಎತ್ತಿದಾಗ ನೋಡ್ದೆ. ಅದೇ ಕಣ್ಣು, ಅದೇ ಹಣೆ. ಥೇಟು ಅಮ್ಮೋರೇ."